ಸಣ್ಣ ಹಳಿಗೆ ಯಾವ ಜಲ್ಲಿ? ಒಂದೇ ಹಲಗೆಯ ಮೇಲೆ ನಾಲ್ಕು ಬಗೆ

ಮಾದರಿ ರೈಲು ಕಟ್ಟುವವರ ಹಣ ಬಹುಪಾಲು ಎಂಜಿನ್ ಮತ್ತು ಬೋಗಿಗಳಿಗೇ ಹೋಗುತ್ತದೆ. ನನ್ನದೂ ಹಾಗೆಯೇ ಹೋಗಿತ್ತು. ಕಳೆದ ವರ್ಷ ಪುಣೆಯ ನಮ್ಮ ಮನೆಯಲ್ಲಿ, ಮೊಬೈಲನ್ನು ಹಳಿಯ ಮಟ್ಟಕ್ಕೆ ಇಳಿಸಿ ನನ್ನ ಮಾದರಿಯ ಫೋಟೋ ತೆಗೆದಾಗ, ಎಂಜಿನ್ನಿನ ಬಣ್ಣ, ಅಕ್ಷರ, ಕಿಟಕಿಯ ಸರಳು ಎಲ್ಲವೂ ನಿಜದ್ದರಂತೆಯೇ ಕಂಡವು. ಆದರೆ ಅದರ ಕೆಳಗೆ ಹಾಸಿದ್ದ ಜಲ್ಲಿಯ ಒಂದೊಂದು ಹರಳೂ ತೆಂಗಿನಕಾಯಿಯಷ್ಟು ದಪ್ಪವಾಗಿ ಕಂಡು, ಇಡೀ ಚಿತ್ರವೇ ಆಟಿಕೆಯ ಚಿತ್ರವಾಗಿಬಿಟ್ಟಿತ್ತು. ಅಳೆದು ನೋಡಿದೆ. ಹರಳುಗಳು 3 ಮಿಲಿಮೀಟರ್ ಇದ್ದವು. ನನ್ನದು 1:87ರ ಎಚ್‌ಒ ಸ್ಕೇಲ್, ಅಂದರೆ ಎಲ್ಲವೂ ನಿಜದ್ದರ 87ರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಅದು 26 ಸೆಂಟಿಮೀಟರಿನ ಗುಂಡು.

ನಿಜವಾದ ಹಳಿಯ ಕೆಳಗೆ ಏನಿರುತ್ತದೆ ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕಿತ್ತು. ಭಾರತೀಯ ರೈಲ್ವೆಯ ಜಲ್ಲಿ ಯಂತ್ರದಲ್ಲಿ ಒಡೆದ ಕಲ್ಲು. 65 ಮಿಲಿಮೀಟರಿನ ಜರಡಿಯಲ್ಲಿ ಹೆಚ್ಚೆಂದರೆ ನೂರಕ್ಕೆ 5 ಪಾಲು ಉಳಿಯಬಹುದು, 20 ಮಿಲಿಮೀಟರಿನ ಜರಡಿಯಲ್ಲಿ ನೂರಕ್ಕೆ 98 ಪಾಲಾದರೂ ಉಳಿಯಲೇಬೇಕು. ಇವನ್ನು 87ರಿಂದ ಭಾಗಿಸಿದರೆ ನಮಗೆ ಬೇಕಾದ ಹರಳು ಸುಮಾರು 0.23ರಿಂದ 0.75 ಮಿಲಿಮೀಟರ್. ಚಿರೋಟಿ ರವೆಗೂ ಉಪ್ಪಿಟ್ಟಿನ ರವೆಗೂ ನಡುವಿನ ಗಾತ್ರ ಎಂದರೆ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಒಡೆದ ಕಲ್ಲಾದ್ದರಿಂದ ಅಂಚುಗಳು ಚೂಪಾಗಿರಬೇಕು ಎಂಬುದನ್ನೂ ಮರೆಯುವಂತಿಲ್ಲ.

120 ಸೆಂಟಿಮೀಟರ್ ಉದ್ದದ ಪ್ಲೈವುಡ್ ಹಲಗೆಯ ಮೇಲೆ ಕಾರ್ಕ್ ಅಂಟಿಸಿ, ಅದರ ಮೇಲೆ ಹಳಿ ಹಾಸಿ, ತಲಾ 30 ಸೆಂಟಿಮೀಟರಿಗೆ ಒಂದರಂತೆ ನಾಲ್ಕು ಬಗೆಯ ಜಲ್ಲಿ ಹಾಕಿದೆ: ಅಂಗಡಿಯ ಆಮದು ಜಲ್ಲಿ, ಹೊಳೆಯ ಮರಳು, ರವೆ, ಮತ್ತು ಪುಣೆಯದೇ ಕಲ್ಲಿನ ಪುಡಿ. ಅಂಟು, ಬೆಳಕು, ಫೋಟೋ ತೆಗೆಯುವ ಎತ್ತರ ನಾಲ್ಕಕ್ಕೂ ಒಂದೇ. ಒಂದು ಮಳೆಗಾಲವನ್ನು ಆ ಹಲಗೆ ಬಾಲ್ಕನಿಗೆ ಹೊಂದಿದ ಕೋಣೆಯಲ್ಲಿಯೇ ಕಳೆಯಿತು.

ಆಮದು ಜಲ್ಲಿಯ ಡಬ್ಬಿ ತೆರೆದಾಗ ಗಾತ್ರದಲ್ಲಿ ಯಾವ ದೋಷವೂ ಕಾಣಲಿಲ್ಲ. ಹರಳುಗಳೆಲ್ಲ ಒಂದೇ ಅಳತೆ, ಬಣ್ಣವೂ ಒಪ್ಪುವ ಬೂದು. ತೊಂದರೆ ಎದುರಾದದ್ದು ಅಂಟು ಹಾಕುವಾಗ. ಈ ಜಲ್ಲಿ ಕಲ್ಲಲ್ಲ, ಅಕ್ರೋಟಿನ ಚಿಪ್ಪನ್ನು ಪುಡಿಮಾಡಿ ಬಣ್ಣ ಹಾಕಿದ್ದು. ಸಿರಿಂಜಿನಿಂದ ತೆಳು ಅಂಟಿನ ಮೊದಲ ಹನಿ ಬಿದ್ದ ಕೂಡಲೇ ಹರಳುಗಳು ತೇಲಿ, ಸ್ಲೀಪರುಗಳ, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಹತ್ತಿ ಕುಳಿತವು. ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೊದಲು ಮಂಜಿನಂತೆ ಚಿಮುಕಿಸಿ ನೆನೆಸಿದರೆ ತೇಲುವುದು ಬಹಳ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಇನ್ನೊಂದು ಮಾತು ಬಣ್ಣದ್ದು: ಎಲ್ಲ ಹರಳಿಗೂ ಒಂದೇ ಬಣ್ಣವಿರುವುದರಿಂದ ಹತ್ತಿರದ ಫೋಟೋದಲ್ಲಿ ಜಮಖಾನೆ ಹಾಸಿದಂತೆ ಸಪಾಟಾಗಿ ಕಾಣುತ್ತದೆ. ಆದರೂ ಹೊಸದಾಗಿ ಆರಂಭಿಸುವವರಿಗೆ, ಜರಡಿ ಹಿಡಿಯುವ ವ್ಯವಧಾನವಿಲ್ಲದವರಿಗೆ ಇದು ಕೆಟ್ಟ ಆಯ್ಕೆಯಲ್ಲ.

ಹೊಳೆಯ ಮರಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರಿನಲ್ಲಿ ಉರುಳಿ ಬಂದ ಹರಳಿನ ಅಂಚು ಸವೆದು ದುಂಡಗಾಗಿರುತ್ತದೆ; ಹಳಿಯ ಪಕ್ಕದಲ್ಲಿ ಅದು ಜಲ್ಲಿಯಂತೆ ಕಾಣದೆ ಮರಳಿನಂತೆಯೇ ಕಾಣುತ್ತದೆ. ರವೆಯನ್ನು ಸೂಚಿಸಿದವಳು ನನ್ನ ಅಕ್ಕ. ಒಣಗಿರುವಾಗ ಗಾತ್ರ, ಆಕಾರ ಎರಡೂ ಬೆರಗಾಗುವಷ್ಟು ಸರಿಯಾಗಿದ್ದವು. ಅಂಟಿನ ನೀರು ತಾಗಿದೊಡನೆ ಉಬ್ಬಿತು, ಜುಲೈ ಮುಗಿಯುವುದರೊಳಗೆ ಬೂಷ್ಟು ಹಿಡಿಯಿತು, ಹಿಂದೆಯೇ ಇರುವೆಗಳು ಬಂದವು. ಆ 30 ಸೆಂಟಿಮೀಟರನ್ನು ಕೆರೆದು ತೆಗೆಯಬೇಕಾಯಿತು.

ಇನ್ನು ಕಲ್ಲಿನ ಪುಡಿ. ಪುಣೆ ನಿಂತಿರುವುದೇ ದಖನ್ನಿನ ಕರಿಕಲ್ಲಿನ ಮೇಲೆ, ಲಾವಾ ತಣಿದು ಆದ ಬಸಾಲ್ಟಿನ ಮೇಲೆ. ಈ ಭಾಗದ ಹಳಿಗಳ ಕೆಳಗೆ ಬೀಳುವ ಜಲ್ಲಿಯೂ ಅದೇ ಕಲ್ಲು. ಕಟ್ಟಡ ಕಟ್ಟುವಲ್ಲೆಲ್ಲ ಕ್ರಶರಿನಿಂದ ಬಂದ ಅದರ ಪುಡಿಯ ಗುಡ್ಡೆ ಇರುತ್ತದೆ. ಇಲ್ಲಿಯ ಗೌಂಡಿಗಳು ಅದಕ್ಕೆ ಕಚ್ ಎನ್ನುತ್ತಾರೆ. ಮೇಸ್ತ್ರಿಯನ್ನು ಕೇಳಿ ಒಂದು ಚೀಲ ತಂದೆ. ಮೊದಲು ಚಹಾ ಸೋಸುವ ಜಾಲರಿಯಲ್ಲಿ ದಪ್ಪ ಹರಳನ್ನು ತೆಗೆದೆ, ಬಳಿಕ ಮೈದಾ ಜರಡಿಯಲ್ಲಿ ಧೂಳನ್ನು ಕಳೆದೆ. ನಡುವೆ ಉಳಿದ ಹರಳುಗಳಲ್ಲಿ ಹತ್ತನ್ನು ಸ್ಟೀಲ್ ಪಟ್ಟಿಯ ಅಂಚಿಗೆ ಸಾಲಾಗಿ ಜೋಡಿಸಿದಾಗ 6 ಮಿಲಿಮೀಟರ್ ಆಯಿತು, ಅಂದರೆ ಒಂದಕ್ಕೆ ಸರಾಸರಿ 0.6. ಅದನ್ನು ಬಕೆಟ್ಟಿನಲ್ಲಿ ಏಳೆಂಟು ಸಲ, ನೀರು ತಿಳಿಯಾಗುವ ತನಕ ತೊಳೆದು ಗಚ್ಚಿಯ ಮೇಲೆ ಪೇಪರ್ ಹಾಸಿ ಒಣಗಿಸಿದೆ. ಈ ತೊಳೆಯುವ ಕೆಲಸವನ್ನು ಬಿಡಬಾರದು. ತೊಳೆಯದೆ ಹಾಕಿದ ಒಂದು ತುಣುಕಿನಲ್ಲಿ ಉಳಿದ ಧೂಳು ಅಂಟಿನೊಡನೆ ಬೆರೆತು ಬೂದು ಕೆಸರಾಗಿ ಸ್ಲೀಪರುಗಳಿಗೆಲ್ಲ ಬಳಿದುಕೊಂಡಿತು.

ಫಲಿತಾಂಶವನ್ನು ನೋಡಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಚೂಪು ಅಂಚಿನ ಹರಳುಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತವು. ಅಂಟು ಹಾಕುವ ಮೊದಲೇ ಇಳಿಜಾರು ಜರಿಯಲಿಲ್ಲ. ಕಲ್ಲಿನ ಭಾರವಿರುವುದರಿಂದ ಅಂಟಿನ ಹನಿಗೆ ಒಂದೂ ತೇಲಲಿಲ್ಲ. ಬೂದು, ಕಪ್ಪು, ಅಲ್ಲಲ್ಲಿ ತುಸು ಕಂದು, ಹೀಗೆ ಹರಳಿನಿಂದ ಹರಳಿಗೆ ಬಣ್ಣ ಬದಲಾಗುವ ಆ ಮೈ ಡಬ್ಬಿಯ ಜಲ್ಲಿಗೆ ಬರಲಾರದು.

ಆದರೆ ಬಸಾಲ್ಟಿಗೆ ಒಂದು ದೊಡ್ಡ ಕೊರತೆಯಿದೆ, ಅದನ್ನು ಬಲ್ಲವರು ಮೊದಲೇ ಹೇಳಿದ್ದರೆ ಒಂದು ಎಂಜಿನ್ ಉಳಿಯುತ್ತಿತ್ತು. ಈ ಕಲ್ಲಿನೊಳಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿರುತ್ತವೆ. ಮಾದರಿ ಎಂಜಿನ್ನಿನ ಮೋಟಾರಿನಲ್ಲಿ ಆಯಸ್ಕಾಂತವಿದೆ. ಸಡಿಲವಾಗಿ ಉಳಿದ ಹರಳನ್ನು ಅದು ಮೇಲಕ್ಕೆಳೆದುಕೊಳ್ಳುತ್ತದೆ, ಹರಳು ಗೇರುಗಳ ನಡುವೆ ಸಿಕ್ಕಿ ಹಲ್ಲುಗಳನ್ನು ತಿನ್ನುತ್ತದೆ. ಎರಡನೆಯ ವಾರದಲ್ಲಿ ಎಂಜಿನ್ ಕರಕರ ಸದ್ದು ಮಾಡತೊಡಗಿ ನಿಂತಾಗ ಬಿಚ್ಚಿ ನೋಡಿದೆ: ಬಿಳಿ ಪ್ಲಾಸ್ಟಿಕ್ ಗೇರಿನ ಎರಡು ಹಲ್ಲುಗಳ ನಡುವೆ ಒಂದೇ ಒಂದು ಕಪ್ಪು ಹರಳು ಕುಳಿತಿತ್ತು. ಅಂದಿನಿಂದ ಪುಡಿಯನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಯಸ್ಕಾಂತವನ್ನು ಮೇಲೆ ಆಡಿಸುತ್ತೇನೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತಕ್ಕೆ ಕೆಲವೇ ಹರಳು ಏಳುತ್ತವೆ, ನಿಯೋಡಿಮಿಯಂ ಆದರೆ ಬಹಳಷ್ಟು ಏಳುತ್ತವೆ. ಎದ್ದವನ್ನು ಎಸೆಯುವುದಿಲ್ಲ; ಹಳಿಯಿಂದ ದೂರದ ಗುಡ್ಡದ ಬುಡಕ್ಕೆ, ರಸ್ತೆಯ ಅಂಚಿಗೆ ಬಳಸುತ್ತೇನೆ. ಹಳಿಗೆ ಹಾಕಿದ್ದಕ್ಕೆ ಎರಡು ಸಲ ಅಂಟು ಕೊಟ್ಟು, ಒಣಗಿದ ಮೇಲೆ ವ್ಯಾಕ್ಯೂಮ್ ಹಿಡಿದು, ಅನಂತರವೇ ಎಂಜಿನ್ ಓಡಿಸುತ್ತೇನೆ.

ಅಂಟಿನಲ್ಲೂ ಎರಡು ಬಗೆಯನ್ನು ನೋಡಿದೆ. ಮರಗೆಲಸದ ಬಿಳಿ ಅಂಟಿನ ಒಂದು ಪಾಲಿಗೆ ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಅಗ್ಗದಲ್ಲಿ ಕೆಲಸವಾಗುತ್ತದೆ, ಆದರೆ ಒಣಗಿದ ಮೇಲೆ ತುಸು ಹೊಳೆಯುತ್ತದೆ, ಗಟ್ಟಿಯಾಗಿ ಕೂತು ಮೋಟಾರಿನ ಸದ್ದನ್ನು ಹಲಗೆಗೆ ಮುಟ್ಟಿಸುತ್ತದೆ. ಚಿತ್ರಕಲೆಯ ಅಂಗಡಿಯಲ್ಲಿ ಸಿಗುವ ಮ್ಯಾಟ್ ಮೀಡಿಯಂ ದುಬಾರಿ, ಹೊಳಪಿಲ್ಲ, ಸದ್ದೂ ಕಡಿಮೆ. ನನ್ನ ಲೆಕ್ಕದಲ್ಲಿ ಮುಂಭಾಗದ ಒಂದು ಅಡಿಗೆ ಮ್ಯಾಟ್ ಮೀಡಿಯಂ, ಹಿಂದಿನದಕ್ಕೆ ಬಿಳಿ ಅಂಟು ಸಾಕು.

ಜಲ್ಲಿ ಸರಿಯಾದ ಮೇಲೆ ಹಳಿಯ ಎತ್ತರ ಕಣ್ಣು ಚುಚ್ಚತೊಡಗಿತು. ನಮ್ಮಲ್ಲಿಯ 60 ಕೆಜಿ (ಮೀಟರಿಗೆ ಅಷ್ಟು ತೂಕದ) ಹಳಿಯ ಎತ್ತರ 172 ಮಿಲಿಮೀಟರ್, 52 ಕೆಜಿ ಹಳಿಯದು 156. ಮಾದರಿ ಹಳಿಯ ಕೋಡ್ ಎಂದರೆ ಇಂಚಿನ ಸಾವಿರದ ಪಾಲುಗಳಲ್ಲಿ ಅದರ ಎತ್ತರ. ಸಾಮಾನ್ಯವಾಗಿ ಸಿಗುವ ಕೋಡ್ 100 ಹಳಿ 2.54 ಮಿಲಿಮೀಟರ್ ಎತ್ತರ, ಅಂದರೆ ನಿಜದಲ್ಲಿ 221; ಕೋಡ್ 83 ಆದರೆ ಸುಮಾರು 183, 60 ಕೆಜಿ ಹಳಿಗೆ ಹತ್ತಿರ. ಹಾಗೆಂದು ಕೋಡ್ 83ರ ಬರಿಯ ಬೆಳ್ಳಿ ಬಣ್ಣದ ಹಳಿಯನ್ನೂ, ಪಕ್ಕಗಳಿಗೆ ತುಕ್ಕಿನ ಕಂದು ಬಳಿದ ಕೋಡ್ 100 ಹಳಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಬಣ್ಣ ಬಳಿದದ್ದೇ ಹೆಚ್ಚು ನಿಜವೆನಿಸಿತು, ಏಕೆಂದರೆ ಕಂದು ಬಣ್ಣ ಎತ್ತರವನ್ನು ನುಂಗಿಬಿಡುತ್ತದೆ. ಈಗಾಗಲೇ ಕೋಡ್ 100 ಹಾಸಿದವರು ಅದನ್ನು ಕೀಳಬೇಕಾಗಿಲ್ಲ. ಎರಡು ಹಳಿಗಳ ನಡುವಿನ ಅಗಲದ ಮಾತು ಬೇರೆ: ಎಚ್‌ಒ ಹಳಿಯ 16.5 ಮಿಲಿಮೀಟರ್ ಯುರೋಪಿನ 1435 ಮಿಲಿಮೀಟರಿನ ಹಳಿಗೆ ಹೊಂದುತ್ತದೆ, ನಮ್ಮ 1676ರ ಬ್ರಾಡ್ ಗೇಜಿಗೆ 19.26 ಬೇಕು. ಆ ಸುಮಾರು 2.75 ಮಿಲಿಮೀಟರಿನ ಕೊರತೆಯನ್ನು ನಾನು ಒಪ್ಪಿಕೊಂಡಿದ್ದೇನೆ. ಎಲ್ಲ ಚಕ್ರಗಳನ್ನೂ ಬದಲಿಸುವುದು ನನ್ನಿಂದಾಗದು.

ಹಲಗೆ ಸಿದ್ಧವಾದ ಮೇಲೆ ಕೆಳಗಿನ ಮನೆಯ ಕಾಕಾ ಅವರನ್ನು ಕರೆದು ತೋರಿಸಿದೆ. ಹುಬ್ಬಳ್ಳಿಯ ಕಡೆಯವರು, ರೈಲ್ವೆಯಲ್ಲಿ ಹಳಿಯ ಕೆಲಸ ಮಾಡಿ ನಿವೃತ್ತರಾದವರು. ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿ, ಕಲ್ಲಿನ ಪುಡಿಯ ತುಂಡಿನ ಮೇಲೆ ಬೆರಳಿಟ್ಟರು.

“ಖಡಿ ಭಾಳ ಛಲೋ ಬಂದಾವ ತಮ್ಮಾ. ಆದ್ರ ಸ್ಲೀಪರ್ ಮ್ಯಾಲೆ ಯಾಕ ಕುಂದ್ರಿಸಿದಿ? ಸ್ಲೀಪರ್ ಬೋಳಾಗಿರಬೇಕು. ಮತ್ತ ಸ್ಟೇಶನ್ನಿನ್ಯಾಗ ಎಂಜಿನ್ ನಿಲ್ಲೋ ಜಾಗಾ ಇಷ್ಟು ಸ್ವಚ್ಛ ಇರಂಗಿಲ್ಲ, ಎಣ್ಣಿ ಬಿದ್ದು ಕರ್ರಗ ಆಗಿರತೈತಿ.”

“ಸ್ಲೀಪರಿನ ಪಕ್ಕಕ್ಕೆ ಜಲ್ಲಿ ಎಷ್ಟು ಅಗಲ ಬಿಡಬೇಕು ಕಾಕಾ?” ಎಂದು ಕೇಳಿದೆ.

“ಉದ್ದ ಬೆಸುಗೆ ಹಳಿ ಇದ್ರ, ನೆಟ್ಟಗಿನ ದಾರ್ಯಾಗ ಮುನ್ನೂರೈವತ್ತು ಮಿಲಿಮೀಟರ್,” ಎಂದರು.

87ರಿಂದ ಭಾಗಿಸಿದರೆ 4 ಮಿಲಿಮೀಟರ್. ನಾನು 9 ಬಿಟ್ಟಿದ್ದೆ. ಅಂದೇ ಸಂಜೆ ಸ್ಲೀಪರುಗಳ ಮೇಲಿನ ಹರಳುಗಳನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆದೆ, ಅಂಚನ್ನು ಚಾಕುವಿನಿಂದ ಕತ್ತರಿಸಿದೆ, ಪ್ಲಾಟ್‌ಫಾರ್ಮಿನ ತುದಿಯಲ್ಲಿ ಎಂಜಿನ್ ನಿಲ್ಲುವ ಕಡೆ ನೀರು ಬೆರೆಸಿದ ಕಪ್ಪು ಅಕ್ರಿಲಿಕ್ಕನ್ನು ಎರಡು ಹಳಿಗಳ ನಡುವೆ ಮಾತ್ರ ತೆಳುವಾಗಿ ಹರಿಸಿದೆ. ಬೇರೆಡೆ ಬ್ರೇಕಿನ ಧೂಳಿಗಾಗಿ ಒಣ ಚಾಕ್ ಪುಡಿಯ ಕಂದು ಸಾಕಾಯಿತು. ಅಕ್ರಿಲಿಕ್ ಹರಳಿನ ಮೇಲೆಲ್ಲ ಪದರವಾಗಿ ಕೂತರೆ, ಚಾಕ್ ಪುಡಿ ಸಂದಿಗಳಲ್ಲಿ ಮಾತ್ರ ಇಳಿದು ನಿಲ್ಲುತ್ತದೆ.

ಈಗ ಕಟ್ಟುತ್ತಿರುವುದು ಲೋಂಡಾದಿಂದ ಕ್ಯಾಸಲ್‌ರಾಕ್ ದಾಟಿ ಗೋವೆಗೆ ಇಳಿಯುವ ಘಾಟಿನ ಒಂದು ತಿರುವು. ಅದಕ್ಕೆ ಆಯಸ್ಕಾಂತ ಆಡಿಸಿ ಶುದ್ಧಮಾಡಿದ ಎರಡು ಡಬ್ಬಿ ಕಚ್ ಸಿದ್ಧವಿದೆ. ಹಳಿಯ ಪಕ್ಕದ ಕೆಮ್ಮಣ್ಣನ್ನು ಮಾತ್ರ ಪುಣೆಯ ಮಣ್ಣಿಗೆ ಬಣ್ಣ ಹಾಕಿ ಮಾಡುವುದಿಲ್ಲ. ದೀಪಾವಳಿಯ ರಜೆಗೆ ಆ ಕಡೆ ಹೋದಾಗ ಜಂಬಿಟ್ಟಿಗೆ ಕಲ್ಲಿನ ಪುಡಿಯನ್ನು ಅಲ್ಲಿಂದಲೇ ತಂದು, ಇದೇ ಎರಡು ಜರಡಿಗಳಲ್ಲಿ ಸೋಸಬೇಕಾಗಿದೆ.