ಫೈಲಿಗೆ ಚೀಟಿ ಅಂಟಿಸುವ ಸೆಟ್‌ಎಕ್ಸ್‌ಅಟರ್: ಗದಗಿನ ಪ್ರೆಸ್‌ನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಗದಗಿನಲ್ಲಿ ಪ್ರೆಸ್ ಅಂದರೆ ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್. ಊರಿಗೆ ಮುದ್ರಣ ಕಾಶಿ ಅನ್ನೋ ಹೆಸರು ಬಂದಿದ್ದೇ ಈ ಕೆಲಸದಿಂದ. ನಮ್ಮ ಪ್ರೆಸ್‌ನಲ್ಲಿ ನನ್ನ ಪಾಲಿಗೆ ಬಂದಿರುವುದು ಒಂದು ಲಿನಕ್ಸ್ ಸರ್ವರ್ ಮತ್ತು ಅದರೊಳಗಿನ ಫೈಲುಗಳ ರಾಶಿ. ಯಾವ ಫೈಲು ಯಾವ ಜಾಬ್‌ನದು, ಪ್ರೂಫ್ ಯಾರು ಓದಿದರು, ಗಿರಾಕಿ ಒಪ್ಪಿದರೋ ಇಲ್ಲವೋ, ಇದನ್ನೆಲ್ಲ ಫೈಲಿನ ಹೆಸರಿಗೇ ತುರುಕುವುದು ಡಿಟಿಪಿ ಮಂದಿಯ ಹಳೇ ಚಟ. ಅದನ್ನು ಬಿಡಿಸಲು ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಫೈಲಿನ ಒಳಗಿನ ಮ್ಯಾಟರ್ ಮುಟ್ಟದೆ, ಪಕ್ಕದಲ್ಲಿ ಒಂದು ಚೀಟಿ ಅಂಟಿಸುವುದಷ್ಟೇ ಅದರ ಕೆಲಸ. ಲಿನಕ್ಸ್‌ನಲ್ಲಿ ಈ ಚೀಟಿಗೆ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಅನ್ನುತ್ತಾರೆ, ಅದನ್ನು ಅಂಟಿಸುವ ಫಂಕ್ಷನ್ ಸೆಟ್‌ಎಕ್ಸ್‌ಅಟರ್.

ಬಳಸುವುದು ಸುಲಭ. ಹೆಡರ್ ಸೇರಿಸಿ ಸೆಟ್‌ಎಕ್ಸ್‌ಅಟರ್ ಕರೆದರೆ ಆಯಿತು. ಕೊಡಬೇಕಾದ್ದು ಐದು: ಫೈಲಿನ ದಾರಿ, ಆಟ್ರಿಬ್ಯೂಟಿನ ಹೆಸರು, ಅದರಲ್ಲಿ ಇಡುವ ಮಾಹಿತಿ, ಅದು ಎಷ್ಟು ಬೈಟ್, ಕೊನೆಗೆ ಒಂದು ಫ್ಲ್ಯಾಗ್. ಹೆಸರು ಮಾತ್ರ 'ಯೂಸರ್' ಅಂತ ಶುರುವಾಗಿ, ಆಮೇಲೆ ಒಂದು ಚುಕ್ಕಿ ಇರಬೇಕು. ಸುಮ್ನೆ 'ಜಾಬ್' ಅಂತ ಕೊಟ್ಟರೆ 'ಸಪೋರ್ಟ್ ಇಲ್ಲ' ಎಂಬ ಎರರ್ ಬರುತ್ತದೆ. ಅದನ್ನು ಓದಿದವರು ಡಿಸ್ಕ್‌ನಲ್ಲಿ ಫೈಲುಗಳನ್ನು ಇಡುವ ಫೈಲ್ ಸಿಸ್ಟಮ್ಮನ್ನೇ ಬೈಯುತ್ತಾರೆ, ಪಾಪ ಅದರದ್ದೇನೂ ತಪ್ಪಿರಲ್ಲ.

ನನಗೆ ತುಂಬಾ ಹಿಡಿಸಿದ್ದು ಆ ಐದನೆಯದು, ಫ್ಲ್ಯಾಗ್. ಸೊನ್ನೆ ಕೊಟ್ಟರೆ ಇಲ್ಲದಿದ್ದರೆ ಹೊಸದು, ಇದ್ದರೆ ಅದರ ಮೇಲೇ ಬರೆಯುತ್ತದೆ. ಕ್ರಿಯೇಟ್ ಫ್ಲ್ಯಾಗ್ ಕೊಟ್ಟರೆ ಮೊದಲೇ ಇದ್ದಾಗ ಒಪ್ಪುವುದಿಲ್ಲ. ರೀಪ್ಲೇಸ್ ಕೊಟ್ಟರೆ ಮೊದಲು ಇಲ್ಲದಿದ್ದಾಗ ಒಪ್ಪುವುದಿಲ್ಲ. ಜಾಬ್ ನಂಬರನ್ನು ನಾನು ಕ್ರಿಯೇಟ್‌ನಿಂದಲೇ ಹಾಕುತ್ತೇನೆ, ಒಮ್ಮೆ ಬಿದ್ದ ನಂಬರಿನ ಮೇಲೆ ಇನ್ನೊಂದು ಬೀಳಬಾರದು ಅಲ್ವಾ. ಪ್ರೂಫ್ ಓದುವವರ ಹೆಸರಿಗೂ ಇದೇ ಉಪಾಯ. ಲಗ್ನದ ಸೀಸನ್‌ನಲ್ಲಿ ಇಬ್ಬರು ಒಂದೇ ಫೈಲಿಗೆ ಕೈ ಹಾಕಿದರೆ ಮೊದಲು ಬಂದವರ ಹೆಸರು ನಿಲ್ಲುತ್ತದೆ, ಎರಡನೆಯವರಿಗೆ 'ಈಗಾಗಲೇ ಇದೆ' ಅನ್ನುವ ಎರರ್ ಸಿಗುತ್ತದೆ. ಇದಕ್ಕೆ 'ಈ ಫೈಲು ಬಳಕೆಯಲ್ಲಿದೆ' ಅಂತ ತಿಳಿಸುವ ಬೇರೆ ಲಾಕ್ ಫೈಲ್ ಬೇಕಿಲ್ಲ.

ಕನ್ನಡದಲ್ಲಿ ಬರೆಯುವವರು ಬೈಟ್ ಲೆಕ್ಕ ನೋಡಿಕೊಳ್ಳಬೇಕು. 'ಗದಗ' ಕಣ್ಣಿಗೆ ಮೂರು ಅಕ್ಷರ, 'ಹುಬ್ಬಳ್ಳಿ'ಯೂ ಮೂರೇ. ಆದರೆ ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಗದಗಕ್ಕೆ 9 ಬೈಟ್, ಹುಬ್ಬಳ್ಳಿಗೆ 27. ಗುಣಿತದ ಚಿಹ್ನೆಗೆ 3 ಬೈಟ್, ಒತ್ತಿಗೆ 6 ಬೈಟ್ ಹೋಗುತ್ತದೆ. ಉದ್ದ ಅಳೆಯುವ ಸ್ಟ್ರ್‌ಲೆನ್ ಫಂಕ್ಷನ್ ಬೈಟ್‌ಗಳನ್ನೇ ಎಣಿಸುವುದರಿಂದ ಹಾಕುವಾಗ ತೊಂದರೆಯಿಲ್ಲ. ಓದುವಾಗ ಜಾಗ್ರತೆ. ಚೀಟಿ ಓದುವ ಗೆಟ್‌ಎಕ್ಸ್‌ಅಟರ್ ಫಂಕ್ಷನ್, ಮ್ಯಾಟರ್ ಮುಗಿಯಿತು ಅನ್ನುವ ಸೊನ್ನೆ ಬೈಟನ್ನು ಕೊನೆಗೆ ಸೇರಿಸಿ ಕೊಡುವುದಿಲ್ಲ. ಮೊದಲು ಸೈಜ್ 0 ಕೊಟ್ಟು ಎಷ್ಟು ಬೈಟ್ ಇದೆ ಅಂತ ಕೇಳಿ, ಒಂದು ಜಾಸ್ತಿ ಜಾಗ ತಗೊಂಡು, ಕೊನೆಯ ಸೊನ್ನೆ ನಾವೇ ಹಾಕಬೇಕು. ಇನ್ನೊಂದು ಮಾತು: ಹಳೇ ನುಡಿ ಫಾಂಟಿನ ಮ್ಯಾಟರನ್ನು ಹಾಗೇ ಕಾಪಿ ಮಾಡಿ ಇಲ್ಲಿ ಹಾಕಬೇಡಿ. ಅದು ಯೂನಿಕೋಡ್ ಅಲ್ಲ, ಟರ್ಮಿನಲ್‌ನಲ್ಲಿ ಬರೀ ಕಸ ಕಾಣುತ್ತದೆ. ಯೂನಿಕೋಡ್ ಇದ್ದರೂ ಚೀಟಿಗಳನ್ನು ತೋರಿಸುವ ಗೆಟ್‌ಎಫ್‌ಅಟರ್ ಕಮಾಂಡ್ ಕನ್ನಡವನ್ನು ಬೇಸ್64 (ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತ) ಮಾಡಿ ತೋರಿಸುತ್ತದೆ. ಎನ್‌ಕೋಡಿಂಗ್ ಟೆಕ್ಸ್ಟ್ ಅಂತ ಹೇಳಿದರೆ ಕನ್ನಡ ಕನ್ನಡವಾಗೇ ಬರುತ್ತದೆ.

ಜಾಗದ ಬಗ್ಗೆ ಒಂದು ದೂರು ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್, ಆಟ್ರಿಬ್ಯೂಟಿನ ಹೆಸರಿಗೆ 255 ಬೈಟ್, ಒಂದು ಮಾಹಿತಿಗೆ 64 ಕೆಬಿ ತನಕ ಬಿಡುತ್ತದೆ. ಆದರೆ ಮಾಮೂಲಿ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನ ಡಿಸ್ಕ್‌ನಲ್ಲಿ ಒಂದು ಫೈಲಿನ ಎಲ್ಲಾ ಆಟ್ರಿಬ್ಯೂಟ್ ಸೇರಿ ಹೆಚ್ಚುಕಡಿಮೆ ಒಂದು ಬ್ಲಾಕಿನಲ್ಲೇ, ಅಂದರೆ ಸಾಮಾನ್ಯವಾಗಿ 4096 ಬೈಟ್‌ನಲ್ಲೇ ಹಿಡಿಯಬೇಕು. ಕನ್ನಡಕ್ಕೆ ಅದು ಬೇಗ ಸಾಲದಾಗುತ್ತದೆ. ಮೀರಿದರೆ ಬರುವ ಎರರ್ 'ಡಿಸ್ಕ್‌ನಲ್ಲಿ ಜಾಗ ಇಲ್ಲ'. ಗಿರಾಕಿ ಹೇಳಿದ ತಿದ್ದುಪಡಿಯನ್ನೆಲ್ಲ ಒಂದೇ ಆಟ್ರಿಬ್ಯೂಟಿಗೆ ತುಂಬಿದ ನಮ್ಮ ಆಪರೇಟರ್ 'ಸರ, ಡಿಸ್ಕ್ ತುಂಬೇತ್ರಿ' ಅಂತ ಓಡಿ ಬಂದಿದ್ದ. ನೋಡಿದರೆ ಅರ್ಧ ಡಿಸ್ಕ್ ಖಾಲಿ. ಉದ್ದನೆಯ ತಿದ್ದುಪಡಿಗೆ ಬೇರೆ ಟೆಕ್ಸ್ಟ್ ಫೈಲೇ ಸರಿ.

ಇದರ ದೊಡ್ಡ ಕೊರತೆ ಬೇರೆ. ಚೀಟಿ ಅಂಟಿದ ಜಾಗದಲ್ಲಿ ಗಟ್ಟಿ, ಫೈಲು ಅಲ್ಲಿಂದ ಹೊರಟರೆ ಉದುರುತ್ತದೆ, ಅದೂ ಸದ್ದಿಲ್ಲದೆ. ಕಾಪಿ ಮಾಡುವ ಸಿಪಿ ಕಮಾಂಡನ್ನು ಬರೀ ಹಾಗೇ ಬಳಸಿದರೆ ಬರುವುದಿಲ್ಲ, ಪ್ರಿಸರ್ವ್ ಆಪ್ಷನ್‌ನಲ್ಲಿ ಎಕ್ಸ್‌ಅಟರ್ ಅಂತ ಹೇಳಬೇಕು. ಫೈಲುಗಳನ್ನು ಒಂದು ಗಂಟು ಕಟ್ಟುವ ಟಾರ್‌ಗೆ ಕಟ್ಟುವಾಗಲೂ ಬಿಚ್ಚುವಾಗಲೂ ಹೇಳಬೇಕು. ಬೇರೆ ಕಡೆಗೆ ನಕಲು ಮಾಡುವ ಆರ್‌ಸಿಂಕ್‌ಗೆ ದೊಡ್ಡ ಎಕ್ಸ್ ಆಪ್ಷನ್ ಬೇಕು. ಗಿರಾಕಿಗಳು ತರುವ, ಫ್ಯಾಟ್ ಎಂಬ ಫೈಲ್ ಸಿಸ್ಟಮ್ಮಿನ ಪೆನ್‌ಡ್ರೈವ್‌ಗೆ ಇದನ್ನು ಇಟ್ಟುಕೊಳ್ಳಲು ಜಾಗವೇ ಇಲ್ಲ. ಸಿಪಿಗೆ ಸಣ್ಣ ಎ ಕೊಟ್ಟು ಅಂಥ ಡ್ರೈವ್‌ಗೆ ಹಾಕಿದರೆ ಆಟ್ರಿಬ್ಯೂಟ್ ಬಿಟ್ಟುಹೋಗಿದ್ದನ್ನು ಅದು ಹೇಳುವುದೂ ಇಲ್ಲ. ಮೇಲ್‌ನಲ್ಲೂ ಹೋಗುವುದಿಲ್ಲ. ಇದರಲ್ಲಿ ಒಂದು ಲಾಭವೂ ಇದೆ ಅನ್ನಿ: 'ಬಾಕಿ ಕೊಟ್ಟಿಲ್ಲ' ಅಂತ ಒಳಗೆ ಬರೆದುಕೊಂಡಿದ್ದು ಗಿರಾಕಿಯ ಕೈಗೆ ಸಿಗಲ್ಲ. ಹಾಗಂತ ಫೋನ್ ನಂಬರ್ ಬರೆಯಬೇಡಿ. ಫೈಲು ಓದಬಲ್ಲವರೆಲ್ಲ ಇದನ್ನೂ ಓದಬಲ್ಲರು.

ಇದಕ್ಕಿಂತ ಕಿರಿಕಿರಿ ಎಂದರೆ ಸೇವ್ ಮಾಡುವಾಗ ಉದುರುವುದು. ಎಷ್ಟೋ ಸಾಫ್ಟ್‌ವೇರ್‌ಗಳು ಹಳೇ ಫೈಲಿನ ಮೇಲೆ ಬರೆಯುವುದಿಲ್ಲ. ಹೊಸ ಫೈಲು ಬರೆದು ಹಳೇ ಹೆಸರು ಇಡುತ್ತವೆ. ಹೆಸರು ಅದೇ, ಚೀಟಿ ಮಾಯ. ಇದಕ್ಕೆ ನಾನು ಕಂಡುಕೊಂಡ ದಾರಿ: ಜಾಬ್‌ಗೊಂದು ಫೋಲ್ಡರ್ ಮಾಡಿ, ಆಟ್ರಿಬ್ಯೂಟನ್ನು ಫೋಲ್ಡರಿಗೇ ಹಾಕುವುದು. ಯೂಸರ್ ಆಟ್ರಿಬ್ಯೂಟು ಮಾಮೂಲಿ ಫೈಲಿಗೂ ಫೋಲ್ಡರಿಗೂ ನಡೆಯುತ್ತದೆ, ಬೇರೆ ಫೈಲಿನ ದಾರಿ ತೋರಿಸುವ ಸಿಮ್‌ಲಿಂಕ್‌ಗೆ ನಡೆಯುವುದಿಲ್ಲ. ಒಳಗಿನ ಫೈಲು ಎಷ್ಟು ಸಲ ಸೇವ್ ಆದರೂ ಫೋಲ್ಡರಿನ ಮೇಲಿನದು ಅಲುಗುವುದಿಲ್ಲ. ಈಗ ಫೈಲಿಗೆ ಹಾಕುವುದು ಪ್ರೂಫ್ ಗುರುತು ಒಂದೇ. ಒಪ್ಪಿದ ಮೇಲೆ ಯಾರಾದರೂ ಫೈಲು ತಿದ್ದಿ ಹಾಗೆ ಸೇವ್ ಮಾಡಿದರೆ ಆ ಗುರುತು ಹೋಗುತ್ತದೆ, ಮತ್ತೆ ಪ್ರೂಫ್ ಓದಿಸುತ್ತೇವೆ. ನಮಗೆ ಬೇಕಾಗಿದ್ದೂ ಅದೇ.

ಬ್ಯಾಕಪ್ ಇಡುವವರಿಗೆ: ಆಟ್ರಿಬ್ಯೂಟ್ ಬದಲಾದರೆ ಫೈಲಿನ ಸಿಟೈಮ್ (ಫೈಲಿನ ಬಗೆಗಿನ ವಿವರ ಬದಲಾದ ಹೊತ್ತು) ಮಾತ್ರ ಬದಲಾಗುತ್ತದೆ, ಎಂಟೈಮ್ (ಒಳಗಿನ ಮ್ಯಾಟರ್ ಬದಲಾದ ಹೊತ್ತು) ಹಾಗೇ ಇರುತ್ತದೆ. ಎಂಟೈಮ್ ಮಾತ್ರ ನೋಡುವ ಬ್ಯಾಕಪ್ ಇದನ್ನು ಗಮನಿಸುವುದೇ ಇಲ್ಲ. ಮ್ಯಾಕ್‌ಗೂ ಇದೇ ಕೋಡ್ ನಡೆಯುತ್ತದೆ ಅಂದುಕೊಳ್ಳಬೇಡಿ, ಅಲ್ಲಿ ಇದೇ ಹೆಸರಿನ ಫಂಕ್ಷನ್‌ಗೆ ಆರು ಕೊಡಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಹುಡುಕಾಟಕ್ಕೆ. 'ಪ್ರೂಫ್ ಬಾಕಿ ಇರುವ ಫೈಲು ಕೊಡು' ಅಂದರೆ ಒಂದೊಂದೇ ಫೈಲನ್ನು ಕೇಳಿಕೊಂಡು ಹೋಗಬೇಕು, ಇಂಡೆಕ್ಸ್ ಇಲ್ಲ. ಹಾಗಾಗಿ ದಿನಾ ರಾತ್ರಿ ಗೆಟ್‌ಎಫ್‌ಅಟರ್‌ನಿಂದ ಫೋಲ್ಡರ್ ಮತ್ತು ಅದರೊಳಗಿನ ಎಲ್ಲದರ ಆಟ್ರಿಬ್ಯೂಟುಗಳನ್ನು ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿಕೊಳ್ಳುತ್ತೇವೆ. ಹುಡುಕುವುದು ಅದರಲ್ಲೇ. ಡಿಸ್ಕ್ ಬದಲಾದರೆ ಚೀಟಿ ಹಾಕುವ ಸೆಟ್‌ಎಫ್‌ಅಟರ್ ಕಮಾಂಡಿನ ರೀಸ್ಟೋರ್ ಆಪ್ಷನ್ ಅದೇ ಫೈಲಿನಿಂದ ಎಲ್ಲವನ್ನೂ ವಾಪಸ್ ಹಾಕುತ್ತದೆ. ದಾರಿಗಳು ಇಳಿಸಿಕೊಂಡ ಫೋಲ್ಡರಿನಿಂದ ಲೆಕ್ಕವಾಗಿರುತ್ತವೆ, ಆದ್ದರಿಂದ ಹೊಸ ಡಿಸ್ಕ್‌ನಲ್ಲೂ ಅದೇ ಫೋಲ್ಡರಿಗೆ ಹೋಗಿ ಓಡಿಸಿ.