ಫ್ರಿಜ್ ತಣ್ಣಗಾಗುವ ಮೊದಲು ಓಟಿಪಿ ಹೇಳಬೇಡಿ

ನಿನ್ನೆ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಒಳಗಿನಿಂದ ಬಣ್ಣದ ಕರಪತ್ರವೊಂದು ಜಾರಿ ಬಿತ್ತು. ಮೇ ತಿಂಗಳಲ್ಲಿ ನಮಗೆ ತಣ್ಣಗೆ ಮಾಡದ ಫ್ರಿಜ್ ಮಾರಿದ ಕಾರವಾರದ ಅದೇ ಮಳಿಗೆ. ದಸರೆಗೆ ಭಾರೀ ರಿಯಾಯಿತಿಯಂತೆ, ಹಳೆಯದು ಕೊಟ್ಟು ಹೊಸದು ಒಯ್ಯಬೇಕಂತೆ, ಬಡ್ಡಿಯಿಲ್ಲದ ಕಂತಂತೆ. ಮೈ ಉರಿದುಹೋಯಿತು. ನಾಲ್ಕು ತಿಂಗಳಿಂದ ನುಂಗಿಕೊಂಡಿದ್ದನ್ನು ಬರೆದೇ ತೀರುತ್ತೇನೆಂದು ಕೂತಿದ್ದೇನೆ. ಮಳಿಗೆಯ ಹೆಸರನ್ನಾಗಲಿ ಫ್ರಿಜ್ ಕಂಪನಿಯ ಹೆಸರನ್ನಾಗಲಿ ಬರೆಯುತ್ತಿಲ್ಲ. ದೂರು ಕೊಡುವುದಿದೆ, ಅಲ್ಲಿಯವರೆಗೆ ಹೆಸರೆತ್ತಬೇಡಿ ಎಂದು ತಿಳಿದವರು ಹೇಳಿದ್ದಾರೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ನಗುವವರು ಈಗಲೇ ನಕ್ಕುಬಿಡಲಿ. ನಾನು ಅಂಕೋಲಾ ತಾಲ್ಲೂಕಿನ ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿರುವವಳು. ‘ಓಟಿಪಿ ಯಾರಿಗೂ ಹೇಳಬೇಡಿ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಗೋಡೆಗೆ ಆ ಚೀಟಿ ಬರೆದು ಅಂಟಿಸಿದವಳೂ ನಾನೇ.

ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷದ ಹಳೆಯ ಫ್ರಿಜ್ ಇತ್ತು. ನೀಲಿ ಬಣ್ಣದ್ದು, ಒಂದೇ ಬಾಗಿಲು. ಹಿಡಿಕೆ ಮುರಿದು ಆಯಿ, ಅಂದರೆ ನನ್ನ ಅಮ್ಮ, ಅದಕ್ಕೆ ಬಟ್ಟೆಯ ಲಾಡಿ ಕಟ್ಟಿದ್ದಳು, ಅದನ್ನು ಹಿಡಿದು ಎಳೆದರೆ ಬಾಗಿಲು ತೆರೆಯುತ್ತಿತ್ತು. ನೋಡಲು ಹೇಗೇ ಇರಲಿ, ತಣ್ಣಗೆ ಮಾಡುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಅದು ತಣ್ಣಗೆ ಮಾಡುತ್ತಿತ್ತು.

ಈ ವರ್ಷ, ಅಂದರೆ 2024ರಲ್ಲಿ, ತೋಟದ ಕರಿ ಇಶಾಡ ಮಾವಿನ ಮರ ಚೆನ್ನಾಗಿ ಬಿಟ್ಟಿತು. ಹೋದ ವರ್ಷ ಈ ಸೀಮೆಯದೇ ಹಣ್ಣೆಂಬ ಭೌಗೋಳಿಕ ಗುರುತು (ಜಿಐ) ಸಿಕ್ಕಿದ ಮೇಲೆ ಎಲ್ಲರೂ ನಮ್ಮ ಇಶಾಡ ಹಣ್ಣಿನ ಮಾತು ಆಡುತ್ತಾರೆ, ಆದರೆ ಅದರ ಸಿಪ್ಪೆ ತೆಳು, ದೂರ ಕಳಿಸಿದರೆ ದಾರಿಯಲ್ಲೇ ಕೆಡುತ್ತದೆ. ಬೆಂಗಳೂರಿನ ತಂಗಿ ಜುಲೈಯಲ್ಲಿ ಬಾಣಂತನಕ್ಕೆ ಬರುವವಳಿದ್ದಳು. ಅವಳಿಗೆ ರಸ ತೆಗೆದು ಫ್ರೀಜರಿನಲ್ಲಿ ಇಡಬೇಕು, ಹಳೆಯದರಲ್ಲಿ ಜಾಗ ಸಾಲದು, ದೊಡ್ಡದು ತರೋಣ ಎಂದವಳು ನಾನೇ. ಆಯಿ ಬೇಡ ಎಂದಿದ್ದಳು.

ಮೇ 18ರ ಶನಿವಾರ ಕಾರವಾರಕ್ಕೆ ಹೋದೆವು. ಒಳಗೆ ಕಾಲಿಡುತ್ತಲೇ ತಂಪು ಗಾಳಿ, ಕುಡಿಯಲು ಕೋಕಂ ಶರಬತ್ತು, ಕೂರಲು ಕುರ್ಚಿ. ಎರಡು ಬಾಗಿಲಿನ ಫ್ರಿಜ್ಜಿಗೆ 41,500 ರೂಪಾಯಿ, ಹೆಚ್ಚುವರಿ ವಾರಂಟಿಗೆ 3,999, ಸ್ಟೆಬಿಲೈಜರಿಗೆ 2,200. ಹಳೆಯದಕ್ಕೆ 1,500 ಕಳೆದರು. ‘ನಿಮ್ಮ ಕಡೆ ವೋಲ್ಟೇಜ್ ಸರಿ ಇರುವುದಿಲ್ಲ ಮೇಡಂ, ಸ್ಟೆಬಿಲೈಜರ್ ಬೇಕೇ ಬೇಕು. ಏನೇ ಆದರೂ ಒಂದು ಫೋನ್ ಮಾಡಿ, ನಾವಿದ್ದೇವೆ’ ಎಂದ ಆ ಹುಡುಗ. ನಾವಿದ್ದೇವೆ! ಈ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಸೋಮವಾರ ಗಾಡಿ ಬಂತು. ಹೊಸದನ್ನು ಇಳಿಸಿದರು, ಹಳೆಯದನ್ನು ಹತ್ತಿಸಿದರು. ‘ಕಂಪನಿಯವರು ಬಂದು ತೋರಿಸಿಕೊಡುವವರೆಗೆ ಸ್ವಿಚ್ ಹಾಕಬೇಡಿ, ಹಾಕಿದರೆ ವಾರಂಟಿ ಹೋಗುತ್ತದೆ’ ಎಂದರು. ಹಾಕಲಿಲ್ಲ. ಕಂಪನಿಯವನು ಬಂದದ್ದು ಶುಕ್ರವಾರ, 24ಕ್ಕೆ. ಆ ನಾಲ್ಕು ದಿನ ಮೇ ತಿಂಗಳ ಸೆಖೆಯಲ್ಲಿ ಹಾಲನ್ನು ಮೂರು ಹೊತ್ತು ಕಾಯಿಸಿ ಇಟ್ಟೆವು. ಅವನು ಬಂದ, ಸ್ವಿಚ್ ಹಾಕಿದ, ಒಳಗಿನ ದೀಪ ಹತ್ತಿತು. ‘ಆಯಿತು’ ಎಂದ. ದೀಪ ಹತ್ತುವುದನ್ನು ನೋಡಲು ನಾಲ್ಕು ದಿನ ಕಾದಿದ್ದೆವು!

ಶನಿವಾರ ಸಂಜೆ ಆಯಿಯೂ ನಾನೂ ಕೂತು ನಲವತ್ತು ಹಣ್ಣು ಹಿಂಡಿ, ರಸವನ್ನು ಒಂಬತ್ತು ಸ್ಟೀಲ್ ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿಟ್ಟೆವು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಹುಳಿ ವಾಸನೆ. ಒಂದು ಡಬ್ಬಿಯ ಮುಚ್ಚಳ ನೊರೆ ಉಕ್ಕಿ ತಾನಾಗಿಯೇ ಮೇಲೆದ್ದಿತ್ತು. ಕೈಯಿಟ್ಟರೆ ಒಳಗೆ ಹೊರಗಿನಷ್ಟೇ ಬಿಸಿ.

ಫೋನ್ ಮಾಡಿದೆ. ಮಳಿಗೆಯ ಮ್ಯಾನೇಜರ್ ಫೋನಿಗೆ ಬಂದ. ಬಿಲ್ಲಿನ ಸಂಖ್ಯೆ ಕೇಳಿದ, ಕಂಪ್ಯೂಟರ್ ಕುಟ್ಟಿದ, ಆಮೇಲೆ ಬಹಳ ಮೃದುವಾಗಿ ಹೇಳಿದ: ‘ಬದಲಾಯಿಸಿ ಕೊಡುವುದು ಏಳು ದಿನದೊಳಗೆ ಮಾತ್ರ ಮೇಡಂ. ಬಿಲ್ಲಾದದ್ದು 18ಕ್ಕೆ, 25ಕ್ಕೆ ಮುಗಿಯಿತು. ನೀವು ಎರಡು ದಿನ ತಡ ಮಾಡಿದಿರಿ.’

ನಾನು ತಡ ಮಾಡಿದೆನಂತೆ. ಸ್ವಿಚ್ ಹಾಕಬೇಡಿ ಎಂದವರು ಅವರು, ಜನ ಕಳಿಸಲು ಶುಕ್ರವಾರದವರೆಗೆ ಕಾಯಿಸಿದವರು ಅವರು, ತಡ ಮಾಡಿದವಳು ನಾನು. ಏಳು ದಿನದಲ್ಲಿ ಆರು ದಿನ ಫ್ರಿಜ್ ಚಾಲೂ ಆಗಿಯೇ ಇರಲಿಲ್ಲ ಎಂದೆ. ‘ಅದು ಕಂಪನಿಯ ನಿಯಮ. ನಾವು ಮಾರುವವರು ಮಾತ್ರ. ನೀವು ಕಂಪನಿಗೆ ದೂರು ಕೊಡಿ’ ಎಂದ. ಹಾಗಾದರೆ ನಮ್ಮ ಹಳೆಯ ಫ್ರಿಜ್ಜನ್ನಾದರೂ ವಾಪಸ್ ಕೊಡಿ, ಆ 1,500 ನಾನೇ ಕೊಡುತ್ತೇನೆ ಎಂದೆ. ‘ಅದು ಗುಜರಿಗೆ ಹೋಯಿತಲ್ಲ ಮೇಡಂ’ ಎಂದು ನಕ್ಕ. ಆಯಿಗೆ ಈ ಮಾತು ಎರಡು ದಿನ ಹೇಳಲಿಲ್ಲ.

ಕಂಪನಿಯ ಸಹಾಯವಾಣಿಯ ಕಥೆ ನಿಮಗೆಲ್ಲ ಗೊತ್ತಿರುವುದೇ. ಕನ್ನಡಕ್ಕೆಂದು ಗುಂಡಿ ಒತ್ತಿದರೆ ಹಿಂದಿಯಲ್ಲಿ ಮಾತು. ಅಂತೂ ದೂರು ದಾಖಲಾಯಿತು, ಜೂನ್ 3ಕ್ಕೆ ಒಬ್ಬ ಹುಡುಗ ಬಂದ. ಮಳೆಯಲ್ಲಿ ಬೈಕಿನ ಮೇಲೆ ನೆನೆದುಕೊಂಡು ಬಂದಿದ್ದ, ಪಾಪ. ಆಯಿ ಚಹಾ ಕೊಟ್ಟಳು. ಹಿಂದಿನ ಪಟ್ಟಿ ಬಿಚ್ಚಿ, ಗ್ಯಾಸ್ ಹೋಗಿದೆ ಎಂದು ಸಣ್ಣ ಡಬ್ಬಿಯಿಂದ ಗ್ಯಾಸ್ ತುಂಬಿದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

‘ತಣ್ಣಗಾಗಲು 24 ಗಂಟೆ ಬೇಕು ಅಕ್ಕ. ನಿಮ್ಮ ಮೊಬೈಲಿಗೆ ಒಂದು ನಂಬರ್ ಬಂದಿದೆ, ಅದನ್ನು ಹೇಳಿ.’

ಯಾಕೆ ಎಂದು ಕೇಳಿದೆ. ಕೇಳದೆ ಇರಲಿಲ್ಲ. ‘ನಾನು ಬಂದು ಹೋದೆ ಎನ್ನುವುದಕ್ಕೆ ಅಕ್ಕ, ಇಲ್ಲದಿದ್ದರೆ ನನಗೆ ಇವತ್ತಿನ ದುಡ್ಡು ಸಿಗುವುದಿಲ್ಲ’ ಎಂದ. ಅಂಗಿಯಿಂದ ನೀರು ಇಳಿಯುತ್ತಿತ್ತು ಅವನದು. ನಾನು ಮೊಬೈಲ್ ತೆಗೆದು ನಾಲ್ಕು ಅಂಕೆಗಳನ್ನು ಒಂದೊಂದಾಗಿ ಓದಿ ಹೇಳಿದೆ. ಸಂಘದಲ್ಲಿ ಮುದುಕರು ನನ್ನೆದುರು ನಿಂತು ಓದುತ್ತಾರಲ್ಲ, ಹಾಗೆಯೇ. ಅವನು ಬೈಕ್ ಹತ್ತುವ ಮೊದಲೇ ನನಗೆ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದಗಳು.

ಮಾರನೆಯ ದಿನ ಜೂನ್ 4. ಊರೆಲ್ಲ ಟಿ.ವಿ. ಮುಂದೆ ಕೂತು ಮತ ಎಣಿಕೆ ನೋಡುತ್ತಿದ್ದರೆ ನಾನು ಗಂಟೆಗೊಮ್ಮೆ ಫ್ರೀಜರ್ ಬಾಗಿಲು ತೆಗೆದು ಲೋಟದ ನೀರಿನಲ್ಲಿ ಬೆರಳು ಅದ್ದುತ್ತಿದ್ದೆ. ಸಂಜೆಯವರೆಗೂ ನೀರು ನೀರಾಗಿಯೇ ಇತ್ತು.

ಫೋನ್ ಮಾಡಿದರೆ, ‘ನಿಮ್ಮ ದೂರು ನಿಮ್ಮದೇ ಒಪ್ಪಿಗೆಯಿಂದ ಮುಚ್ಚಿದೆ ಮೇಡಂ. ನೀವೇ ಓಟಿಪಿ ಕೊಟ್ಟಿದ್ದೀರಿ.’ ತಣ್ಣಗಾಗಿಲ್ಲವಲ್ಲ ಎಂದರೆ, ‘ನಮ್ಮ ದಾಖಲೆಯಲ್ಲಿ ಸರಿಯಾಗಿದೆ.’ ಫ್ರಿಜ್ ನನ್ನೆದುರಿಗಿದೆ, ಬಾಗಿಲು ತೆಗೆದು ನಿಂತಿದ್ದೇನೆ ಎಂದರೆ, ‘ಹೊಸ ದೂರು ದಾಖಲಿಸುತ್ತೇನೆ ಮೇಡಂ, ಇದು ಬೇರೆ ದೂರು ಎಂದೇ ಲೆಕ್ಕವಾಗುತ್ತದೆ.’ ಅಂದರೆ ಮೊದಲಿನದೆಲ್ಲ ಸೊನ್ನೆ. ಆ ನಾಲ್ಕು ಅಂಕೆಯಿಂದ ಮೊದಲಿನದೆಲ್ಲ ಸೊನ್ನೆ. ಈ ಸಿಟ್ಟು ಅವರ ಮೇಲೋ ನನ್ನ ಮೇಲೋ ನನಗೇ ತಿಳಿಯುತ್ತಿಲ್ಲ. ಆಮೇಲೆ ಅಂಕೋಲೆಯ ಪರಿಚಯದ ಮೆಕ್ಯಾನಿಕ್ ಒಬ್ಬರು ಕೇಳಿದರು, ‘ಗ್ಯಾಸ್ ತುಂಬುವ ಮೊದಲು ಪಂಪು ಹಚ್ಚಿ ಕೊಳವೆಯೊಳಗಿನ ಗಾಳಿ ಎಳೆದನಾ? ಎಲ್ಲಿ ಸೋರುತ್ತಿದೆ ಎಂದು ಹುಡುಕಿದನಾ?’ ಅವನ ಕೈಯಲ್ಲಿ ಪಂಪೇ ಇರಲಿಲ್ಲ. ಸೋರುವ ಕೊಡಕ್ಕೆ ನೀರು ಹೊಯ್ದು ಹೋಗಿದ್ದ.

ಅಷ್ಟರಲ್ಲಿ ಮೀನುಗಾರಿಕೆ ನಿಷೇಧ ಶುರುವಾಗಿತ್ತು. ಆ 61 ದಿನಕ್ಕೆಂದು ಪಕ್ಕದ ಮನೆಯವರ ಫ್ರೀಜರ್ ತುಂಬ ಬಂಗುಡೆ. ಉಳಿದ ಹಣ್ಣಿನ ರಸವನ್ನು ಅಲ್ಲಿಡಲು ಅವರೇನೋ ಜಾಗ ಮಾಡಿಕೊಟ್ಟರು, ಆಯಿ ಒಪ್ಪಲಿಲ್ಲ. ಹಣ್ಣು ದನಕ್ಕೆ ಹೋಯಿತು.

ಜೂನ್ ನಡುವಿಗೆ ಎರಡನೆಯವನು ಬಂದ, ಸ್ವಲ್ಪ ವಯಸ್ಸಾದವನು. ಫ್ರಿಜ್ಜಿನ ಹಿಂದೆ ನೋಡುವ ಮೊದಲೇ, ‘ನಿಮ್ಮ ಊರಿನ ವೋಲ್ಟೇಜಿನಿಂದ ಕಂಪ್ರೆಸರ್ ಹೋಗಿದೆ, ಇದು ವಾರಂಟಿಯಲ್ಲಿ ಬರುವುದು ಕಷ್ಟ’ ಎಂದ. ಮಳಿಗೆಯವರೇ ಕೊಟ್ಟ ಸ್ಟೆಬಿಲೈಜರ್ ಇದೆಯಲ್ಲ ಎಂದೆ. ಆಗ ಅವನು ಫ್ರಿಜ್ಜಿನ ಬಾಗಿಲಿನ ಮೇಲಿನ ಚೀಟಿ ತೋರಿಸಿದ. ಕಂಪನಿಯವರೇ ಅಂಟಿಸಿದ್ದು, ಒಂದು ತಿಂಗಳಿಂದ ನನ್ನ ಕಣ್ಣೆದುರಿಗೇ ಇದ್ದದ್ದು: ಸ್ಟೆಬಿಲೈಜರ್ ಇಲ್ಲದೆ ನಡೆಯುತ್ತದೆ. ‘ಈ ಮಾಡೆಲಿಗೆ ಅದು ಬೇಕಾಗಿಯೇ ಇರಲಿಲ್ಲ, ಯಾರು ಹೇಳಿದರು ನಿಮಗೆ?’ ಎಂದು ನನ್ನನ್ನೇ ಕೇಳಿದ. ಬೇಡದ ಸ್ಟೆಬಿಲೈಜರಿಗೆ 2,200 ಕೊಟ್ಟವಳು ನಾನು. ಅದಿದ್ದರೂ ವೋಲ್ಟೇಜಿನ ದೋಷ ನನ್ನ ತಲೆಗೇ. ಈ ಸಲ ಓಟಿಪಿ ಕೇಳಿದ. ಕೊಡಲಿಲ್ಲ. ಗೊಣಗಿಕೊಂಡು ಹೋದ.

ಕೊನೆಗೆ ಕಂಪ್ರೆಸರ್ ಬದಲಾಯಿಸುತ್ತೇವೆ, ಹುಬ್ಬಳ್ಳಿಯಿಂದ ಬರಬೇಕು ಎಂದರು. ಜುಲೈ ಪೂರ್ತಿ ‘ಬರುತ್ತಿದೆ’. ತಂಗಿ ಬಂದಳು, ಮಗುವಿನ ಔಷಧಿಯನ್ನು ಮಣ್ಣಿನ ಮಡಕೆಯಲ್ಲಿ ಇಟ್ಟೆವು. ಜುಲೈ 16ಕ್ಕೆ ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಆ ದಿನಗಳಲ್ಲಿ ಫ್ರಿಜ್ಜಿನ ಮಾತೆತ್ತಲು ನನಗೇ ಮನಸ್ಸಿರಲಿಲ್ಲ. ತಿಂಗಳ ಕೊನೆಗೆ ಫೋನ್ ಮಾಡಿದಾಗ ಮ್ಯಾನೇಜರ್, ‘ಶಿರೂರಿನಲ್ಲಿ ರಸ್ತೆ ಬಂದ್ ಆಗಿದೆಯಲ್ಲ ಮೇಡಂ, ಸಾಮಾನು ಹೇಗೆ ಬರಬೇಕು?’ ಎಂದ. ಹೌದಲ್ಲ ಎಂದು ಫೋನಿಟ್ಟೆ. ಇಟ್ಟು ಐದು ನಿಮಿಷವಾದ ಮೇಲೆ ತಲೆಗೆ ಹೊಳೆಯಿತು. ಶಿರೂರು ಇರುವುದು ಅಂಕೋಲೆಯಿಂದ ಕುಮಟೆಯ ಕಡೆ. ಹುಬ್ಬಳ್ಳಿಯಿಂದ ಬರುವ ಗಾಡಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬಂದು ಕಾರವಾರಕ್ಕೆ ಹೋಗುತ್ತದೆ. ಅದಕ್ಕೂ ಶಿರೂರಿಗೂ ಏನು ಸಂಬಂಧ? ಹಿಂದಿನ ದಿನವಷ್ಟೇ ಭಾವ ಹುಬ್ಬಳ್ಳಿಯಿಂದ ಅದೇ ಘಟ್ಟ ಇಳಿದು ಬಂದು ನಮ್ಮ ಮನೆಯಲ್ಲಿ ಊಟ ಮಾಡಿದ್ದರು! ಜನ ಸತ್ತ ಜಾಗವನ್ನು ತನ್ನ ಸುಳ್ಳಿಗೆ ಎಳೆದು ತಂದನಲ್ಲ, ಅದನ್ನು ಇಂದಿಗೂ ಕ್ಷಮಿಸಲಾರೆ. ಇದೇ ಊರಿನ ಸೀಮೆಯವಳಿಗೆ ಇದೇ ಊರಿನ ದಾರಿ ಹೇಳಿ ಮೋಸ ಮಾಡಿದ.

ಆಗಸ್ಟ್ 7ಕ್ಕೆ ಕಾರವಾರದಿಂದ ಗೋವಾಕ್ಕೆ ಹೋಗುವ ದಾರಿಯಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ನಾನು ಎರಡು ದಿನ ಕಾದೆ, ಮ್ಯಾನೇಜರ್ ಏನು ಹೇಳುತ್ತಾನೆ ನೋಡೋಣ ಎಂದು. ಹೇಳಿಯೇಬಿಟ್ಟ: ‘ಈಗ ಗೋವಾದಿಂದ ತರಿಸುತ್ತಿದ್ದೆವು ಮೇಡಂ, ಸೇತುವೆ ಬಿದ್ದಿದೆಯಲ್ಲ.’ ಈ ಸಲ ನಾನೇ ನಕ್ಕೆ.

ಆವತ್ತೇ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಮೂರು ತಿಂಗಳು ಅಲುಗಾಡದ ಕಂಪನಿ ಎರಡು ವಾರದಲ್ಲಿ ತಾನಾಗಿ ಫೋನ್ ಮಾಡಿತು. ಹೊಸ ಫ್ರಿಜ್ಜನ್ನೇ ಕೊಡುತ್ತಾರಂತೆ, ಆದರೆ ಬಳಕೆಯ ಸವಕಳಿ ಎಂದು 4,150 ರೂಪಾಯಿ ನಾನು ತುಂಬಬೇಕಂತೆ. ಯಾವ ಬಳಕೆ ಎಂದು ಕೇಳಿದೆ. ‘ಮೂರು ತಿಂಗಳು ನಿಮ್ಮ ಮನೆಯಲ್ಲಿತ್ತಲ್ಲ ಮೇಡಂ.’ ಮನೆಯಲ್ಲಿ ನಿಂತದ್ದಕ್ಕೆ ಬಾಡಿಗೆ ಅವರು ನನಗೆ ಕೊಡಬೇಕು! ಒಲ್ಲೆ ಎಂದೆ.

ನಮ್ಮ ಸಂಘದ ಸದಸ್ಯರಲ್ಲಿ ಒಬ್ಬರು ವಕೀಲರು. ನಾಚಿಕೆ ಬಿಟ್ಟು ಅವರಿಗೆ ಬಿಲ್ಲು ತೋರಿಸಿದೆ. ತಿರುಗಿಸಿ ನೋಡಿ, ‘ಏಳು ದಿನ ಎಂದು ಎಲ್ಲಿ ಬರೆದಿದೆ?’ ಎಂದರು. ಎಲ್ಲಿಯೂ ಬರೆದಿಲ್ಲ. ನಾನು ಆವರೆಗೆ ನೋಡಿಯೇ ಇರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ 30 ದಿನದೊಳಗೆ ದೋಷವಿರುವ ಸರಕನ್ನು ಹಿಂದೆ ಪಡೆದು ಹಣ ಕೊಡಲೇಬೇಕು, ಒಲ್ಲೆ ಎಂದರೆ ಅದು ಅನುಚಿತ ವ್ಯಾಪಾರ ಎಂದರು. ನಾನು ಫೋನ್ ಮಾಡಿದ್ದು ಒಂಬತ್ತನೆಯ ದಿನ. ಎರಡು ದಿನ ತಡವಲ್ಲ, ಇಪ್ಪತ್ತೊಂದು ದಿನ ಬಾಕಿ ಇತ್ತು. ಮ್ಯಾನೇಜರ್ ಮೃದುವಾಗಿ ಹೇಳಿದ್ದನ್ನು ನಾನು ಮೃದುವಾಗಿ ನಂಬಿದೆ.

ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕಡತ ಸಿದ್ಧವಾಗಿದೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು, ವಕೀಲರಿಲ್ಲದೆ ನಾವೇ ವಾದಿಸಲೂಬಹುದು. ದಸರೆ ರಜೆ ಮುಗಿದ ಮೇಲೆ ಹೋಗುತ್ತೇನೆ.

ಹಬ್ಬಕ್ಕೆ ಕೊಳ್ಳುವವರು ಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಹೊಸದು ಎರಡು ದಿನ ನಡೆಯುವವರೆಗೆ ಹಳೆಯದನ್ನು ಮನೆಯಿಂದ ಹೊರಗೆ ಬಿಡಬೇಡಿ. ಬಿಲ್ಲಿನ ಹಿಂಬದಿ ಅಂಗಡಿಯಲ್ಲೇ ಓದಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದು ಕಳಿಸಲು ಹೇಳಿ, ಆಗ ಅರ್ಧ ನಿಯಮಗಳು ಮಾಯವಾಗುತ್ತವೆ. ರಿಪೇರಿಗೆ ಬಂದವನು ಎಷ್ಟೇ ನೆನೆದಿರಲಿ, ಟವೆಲ್ ಕೊಡಿ, ಚಹಾ ಕೊಡಿ, ಓಟಿಪಿ ಕೊಡಬೇಡಿ.

ಫ್ರಿಜ್ ಅಡುಗೆಮನೆಯಲ್ಲೇ ನಿಂತಿದೆ. ಸ್ವಿಚ್ ತೆಗೆದಿದ್ದೇವೆ. ಮಳೆಗಾಲದಲ್ಲಿ ಆಯಿ ಹಲಸಿನ ಹಪ್ಪಳದ ಕಟ್ಟುಗಳನ್ನೆಲ್ಲ ಅದರೊಳಗೆ ಜೋಡಿಸಿಟ್ಟಳು. ಒಂದೂ ಮೆತ್ತಗಾಗಲಿಲ್ಲ. ಬಾಗಿಲಿನ ರಬ್ಬರ್ ಮಾತ್ರ ಬಹಳ ಒಳ್ಳೆಯದು ಹಾಕಿದ್ದಾರೆ ಎನ್ನುತ್ತಾಳೆ.