ಟೆಂಟೋ, ಹ್ಯಾಮಕ್ಕೋ, ಟರ್ಪಾಲೋ: ಬಸ್ಸಿನಲ್ಲಿ ಹೋಗಿ ಎರಡು ರಾತ್ರಿ ಬಯಲಲ್ಲಿ ಮಲಗಲು

ಕಾಞಂಗಾಡಿನಿಂದ ಪಾಣತ್ತೂರು ಬಸ್ಸಿನಲ್ಲಿ ಸೀಟು ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಕೂತರೆ ತೊಡೆಯ ಮೇಲೆ, ನಿಂತರೆ ಕಾಲ ಸಂದಿನಲ್ಲಿ ಹಿಡಿಯುವ ಚೀಲ ಬೇಕು: 30 ಲೀಟರ್, ನೀರು ಬಿಟ್ಟು 6 ಕಿಲೋ. ಬಟ್ಟೆಬರೆಯಲ್ಲಿ ಉಳಿಸಲು ಹೆಚ್ಚೇನಿಲ್ಲ. ಟರ್ಕಿ ಟವೆಲ್ ಬಿಟ್ಟು ತೆಳು ಬೈರಾಸು ಹಿಡಿದರಾಯಿತು. ವ್ಯತ್ಯಾಸ ಬರುವುದು ಮಲಗುವ ಸಾಮಾನಿನಲ್ಲಿ. ಟೆಂಟ್, ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟಿ ಮಲಗುವ ಜೋಲಿ), ಟರ್ಪಾಲು ಮೂರನ್ನೂ ನವೆಂಬರಿನಿಂದ ಫೆಬ್ರವರಿಯೊಳಗೆ ಕಾಸರಗೋಡಿನ ಪದವು (ಗುಡ್ಡದ ಮೇಲಿನ ಬೋಳು ಬಯಲು), ತೋಟಗಳಲ್ಲಿ ಬಳಸಿ ನೋಡಿ ಹೇಳುವ ಮಾತಿದು. ಪಾಣತ್ತೂರು ಕಡೆಯ ರಾಣಿಪುರದ ಗುಡ್ಡದ ಮೇಲೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಉಳಿಯುವಂತಿಲ್ಲ, ಹಾಗಾಗಿ ಕೆಳಗಿನ ತೋಟದವರನ್ನು ಕೇಳಿ ಜಾಗ ಮಾಡಿಕೊಳ್ಳುವುದೇ ಸರಿ.

ಇಬ್ಬರ ಸಾಮಾನ್ಯ ಟೆಂಟ್ ಎರಡೂವರೆ ಕಿಲೋ ಆಸುಪಾಸು. ತೂಕಕ್ಕಿಂತ ಕಂಬಿಗಳದ್ದೇ ತೊಂದರೆ: ಮಡಚಿದರೂ ಚೀಲದಿಂದ ಹೊರಗೆ ಚಾಚಿ ಪಕ್ಕದವರಿಗೆ ತಿವಿಯುತ್ತವೆ. ಪದವಿನ ಮುರಕಲ್ಲಿಗೆ (ಜಂಬಿಟ್ಟಿಗೆ) ಗೂಟ ಇಳಿಯುವುದಿಲ್ಲ, ಬಡಿದರೆ ಗೂಟವೇ ಬಾಗುತ್ತದೆ. ಅಲ್ಲಿ ಒಳಗಿನ ನಾಲ್ಕು ಮೂಲೆಗೆ ಕಲ್ಲು ಇಟ್ಟೇ ನಿಲ್ಲಿಸಬೇಕು. ಬೆಳಗ್ಗೆ ಹೊರಬಟ್ಟೆ ಇಬ್ಬನಿಯಲ್ಲಿ, ಒಳಬದಿ ಉಸಿರಿನ ತೇವದಲ್ಲಿ ತೊಯ್ದಿರುತ್ತದೆ. ಏಳು ಗಂಟೆಯ ಬಸ್ಸು ಹಿಡಿಯುವವರಿಗೆ ಒಣಗಿಸಲು ಬಿಸಿಲೆಲ್ಲಿ? ಗಾಳಿ ಬೀಸುವ ಬೋಳು ಪದವಿಗೆ ಮಾತ್ರ ಟೆಂಟೇ ಒಳ್ಳೆಯದು.

ಹ್ಯಾಮಕ್ ಪಟ್ಟಿ ಸೇರಿ ಸುಮಾರು 700 ಗ್ರಾಂ, ಅಂಗೈಗಿಂತ ಸ್ವಲ್ಪ ದೊಡ್ಡ ಗಂಟು. ಆಸೆ ಹುಟ್ಟಿಸುವುದು ಇದೇ. ಆದರೆ ನಮ್ಮ ತೋಟಗಳ ಅಳತೆಗೆ ಒಗ್ಗುವುದಿಲ್ಲ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ ಅಡಿಕೆಯ ಅಂತರ 2.7 ಮೀಟರ್, ಹ್ಯಾಮಕ್ಕಿಗೆ ನಾಲ್ಕು ಮೀಟರಾದರೂ ಬೇಕು. ಹತ್ತಿರದ ಮರಗಳಿಗೆ ಕಟ್ಟಿದರೆ ಬೆನ್ನು ನೆಲ ಮುಟ್ಟುತ್ತದೆ. ಮುಟ್ಟಬಾರದೆಂದು ಬಿಗಿದರೆ ಇನ್ನೂ ಕೆಟ್ಟದು. ಪಟ್ಟಿ 30 ಡಿಗ್ರಿ ಇಳಿಜಾರಿನಲ್ಲಿದ್ದರೆ 60 ಕಿಲೋದವರು ಮಲಗಿದಾಗ ಒಂದೊಂದು ಮರಕ್ಕೆ 60 ಕಿಲೋ ಎಳೆತ. 10 ಡಿಗ್ರಿಗೆ ಬಿಗಿದರೆ 170 ಕಿಲೋ ದಾಟುತ್ತದೆ. ಸಪೂರ ಅಡಿಕೆ ಮರಕ್ಕೆ ಅಷ್ಟು ಹೊರಿಸುವುದು ಬೆಳೆದವರಿಗೆ ಮಾಡುವ ಅನ್ಯಾಯ. ತೆಂಗಿನ ಕೆಳಗಂತೂ ಕಾಯಿ, ಮಡಲು ಬೀಳುವ ಭಯ. ಹಲಸು, ಮಾವು ಸಿಕ್ಕಿದಲ್ಲಿ ಕಟ್ಟಬಹುದು, ಬುಡದಲ್ಲಿ ಕೆಂಪಿರುವೆ ಸಾಲು ಇದೆಯೇ ನೋಡಿಕೊಂಡು. ಡಿಸೆಂಬರಿನಲ್ಲಿ ಬೆನ್ನ ಕೆಳಗೆ ಫೋಮ್ ಚಾಪೆ ಇಲ್ಲದಿದ್ದರೆ ನಡುರಾತ್ರಿ ಚಳಿಗೆ ಎಚ್ಚರವಾಗುತ್ತದೆ.

ಟರ್ಪಾಲೇ ನನ್ನ ಆಯ್ಕೆ. 90 ಜಿಎಸ್‌ಎಂನ (ಚದರ ಮೀಟರಿಗೆ 90 ಗ್ರಾಂ ತೂಗುವ) 3×3 ಮೀಟರ್ ಹಾಳೆ 810 ಗ್ರಾಂ. 4 ಮಿ.ಮೀ. ನೈಲಾನ್ ಹಗ್ಗ 10 ಮೀಟರ್, ಒಬ್ಬರ ಸೊಳ್ಳೆಪರದೆ, ತೆಳು ಫೋಮ್ ಚಾಪೆ ಸೇರಿದರೂ ಒಂದೂವರೆ ಕಿಲೋ ಚಿಲ್ಲರೆ. ಹ್ಯಾಮಕ್ಕಿಗೆ ಆಗದ ಅಡಿಕೆ ಮರ ಇದಕ್ಕೆ ಸಾಕು, ಏಕೆಂದರೆ ಹಗ್ಗದ ಮೇಲೆ ಹಾಳೆಯ ಭಾರ ಮಾತ್ರ. ನಾಲ್ಕು ಅಡಿಕೆ ಮರಗಳ ಚೌಕದ ಎದುರು ಮೂಲೆಯ ಎರಡು ಮರ ಹಿಡಿದರೆ 3.8 ಮೀಟರ್, ಮೂರು ಮೀಟರಿನ ಹಾಳೆಗೆ ಹೇಳಿ ಮಾಡಿಸಿದಂತೆ. ಎದೆಮಟ್ಟಕ್ಕೆ ಹಗ್ಗ ಕಟ್ಟಿ ಹಾಳೆ ಇಳಿಬಿಡಿ.

ಟರ್ಪಾಲು ಮೊದಲು ಹರಿಯುವುದು ಮೂಲೆಯ ರಿಂಗಿನಲ್ಲಿ. ರಿಂಗನ್ನು ನಂಬಬೇಡಿ. ಸುಲಿದ ಚಾಲಿ (ಒಣಗಿಸಿದ) ಅಡಿಕೆಯೊಂದನ್ನು ಮೂಲೆಯಿಂದ ಒಂದು ಗೇಣು ಒಳಗೆ ಹಾಳೆಯ ಅಡಿಯಿಂದ ಒತ್ತಿ, ಮೇಲೆ ಗುಂಡಿಯಂತೆ ಉಬ್ಬಿದಾಗ ಅದರ ಕುತ್ತಿಗೆಗೆ ಹಗ್ಗ ಸುತ್ತಿ ಬಿಗಿಯಿರಿ. ಎಳೆತ ಹಂಚಿಹೋಗಿ ಹಾಳೆ ಉಳಿಯುತ್ತದೆ. ಮರದಿಂದ ಹಗ್ಗದ ಗುಂಟ ಹರಿದು ಬರುವ ನೀರಿಗೆ, ಹಾಳೆಯ ಅಂಚಿಗೆ ಒಂದು ಚೋಟು ಮೊದಲು ಸಣ್ಣ ದಾರ ಕಟ್ಟಿ ತೂಗಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಲಗುವ ಮುಂಚೆ ತಲೆಯ ಮೇಲೆ ಹಣ್ಣಾದ ಸೋಗೆ ಇದೆಯೇ ನೋಡಿ. ಸ್ಪ್ರಿಂಕ್ಲರ್ ಯಾವಾಗ ಬಿಡುತ್ತಾರೆಂದು ತೋಟದವರನ್ನು ಕೇಳದೆ ಸಾಮಾನು ಬಿಚ್ಚಲೇಬೇಡಿ.

ಸ್ಟವ್ ಬೇಡ. ಕಾಸರಗೋಡಿನಿಂದ ಕಾಞಂಗಾಡಿಗೆ ರೈಲಿನಲ್ಲಿ ಹೋಗುವುದಾದರೆ ಗ್ಯಾಸ್ ಡಬ್ಬ ಒಯ್ಯುವುದು 1989ರ ರೈಲ್ವೆ ಕಾಯ್ದೆಯಂತೆ ಅಪರಾಧ. ಹೊತ್ತಿಗೆ 100 ಗ್ರಾಂ ಅವಲಕ್ಕಿ, 40 ಗ್ರಾಂ ಬೆಲ್ಲ, ಬಾಳೆಹಣ್ಣು ಸಾಕು. ತುರಿದ ಕಾಯಿ ಮಧ್ಯಾಹ್ನದೊಳಗೆ ಹಳಸುವುದರಿಂದ ಒಣ ಕೊಬ್ಬರಿ ಹಿಡಿಯಿರಿ. ಗಟ್ಟಿ ಅವಲಕ್ಕಿಯಾದರೆ ತಣ್ಣೀರಲ್ಲಿ ಹತ್ತು ನಿಮಿಷ ನೆನೆಯಬೇಕು, ತೆಳುವಿಗೆ ನೀರು ಚಿಮುಕಿಸಿದರಾಯಿತು.